ಮಂಡಿ ನೆಲ ಮುಟ್ಟಿದ ಮೇಲೆ ಗದ್ದಲ ನಿಂತಿತು

ಬಲಿಪೂಜೆಗೆ (ಕ್ಯಾಥೊಲಿಕರ ಮಾಸ್‌ಗೆ) ಮುಂಚೆ ಚರ್ಚಿನೊಳಗಿನ ಗದ್ದಲ ನಿಲ್ಲಿಸುವುದು ಆಗದ ಕೆಲಸ ಎಂದು ನಮ್ಮ ಸಮಿತಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೇಳಿದ್ದರು. ಈಗ ನಿಂತಿದೆ. ಪೀಠಬಾಲಕರನ್ನು, ಅಂದರೆ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಹುಡುಗರನ್ನು, ತಯಾರು ಮಾಡುವ ಜವಾಬ್ದಾರಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ದಾರಿ. ‘ಮೌನವಾಗಿರಿ’ ಎಂದು ಬೋರ್ಡ್ ಹಾಕಿಸಿದರು. ಒಂದು ವಾರ ಓದಿದರು, ಆಮೇಲೆ ಯಾರೂ ತಲೆ ಎತ್ತಿ ನೋಡಲಿಲ್ಲ. ಮೈಕಿನಲ್ಲಿ ಹೇಳಿಸಿದರು. ಗದ್ದಲ ಇನ್ನೂ ಜಾಸ್ತಿಯಾಯಿತು, ಮೈಕಿಗಿಂತ ಜೋರಾಗಿ ಮಾತಾಡಬೇಕಲ್ವಾ? ಮೆಲ್ಲನೆ ಸಂಗೀತ ಹಾಕಲು ಹೊಸ ಸ್ಪೀಕರ್ ತಂದರು. ಆ ವರ್ಷ ತೆಗೆದಿಟ್ಟ ಹಣದಲ್ಲಿ ಸುಮಾರು ಮುಕ್ಕಾಲು ಪಾಲು ಇದಕ್ಕೇ ಹೋಯಿತು. ಮಂಡಿಯೂರುವ ಹಲಗೆಗಳ ಮೆತ್ತೆ ಹರಿದೇ ಉಳಿಯಿತು.

ಜನ ಹೇಳಿದ್ದನ್ನು ಕೇಳುವುದಿಲ್ಲ, ಪೀಠದ ಹತ್ತಿರ ನಡೆಯುವುದನ್ನು ನೋಡುತ್ತಾರೆ. ನನ್ನ ವಾದ ಇಷ್ಟೇ. ಹಾಗಾಗಿ ಸಾಕ್ರಿಸ್ಟಿಯಿಂದ, ಅಂದರೆ ಪೂಜೆಗೆ ಸಿದ್ಧವಾಗುವ ಕೋಣೆಯಿಂದ, ಶುರು ಮಾಡಿದೆ. ಪೂಜೆಗೆ ಮುಂಚೆ ಚರ್ಚಿನಲ್ಲೂ ಸಾಕ್ರಿಸ್ಟಿಯಲ್ಲೂ ಮೌನ ಇರಲಿ ಎಂದು ರೋಮನ್ ಪೂಜಾಗ್ರಂಥದ ನಿಯಮಗಳಲ್ಲೇ ಇದೆ. ಕಾಲು ಗಂಟೆ ಇರುವಾಗಲೇ ಮೇಣದಬತ್ತಿ, ಧೂಪದ ಇದ್ದಿಲು, ವಾಚನದ ಪುಟ ಎಲ್ಲ ಸಿದ್ಧ. ಆಮೇಲೆ ಕೈಸನ್ನೆ ಮಾತ್ರ.

ನಿಜವಾದ ಕೆಲಸ ಮಂಡಿಯದು. ಮಂಡಿಯೂರುವಾಗ ಹುಡುಗರು ಅರ್ಧ ಕುಸಿದು ಹಾಗೇ ಓಡುತ್ತಿದ್ದರು. ಮೊದಲು ಪೂರ್ತಿ ನಿಲ್ಲಬೇಕು. ಬೆನ್ನು ನೆಟ್ಟಗಿರಬೇಕು. ಬಲ ಮಂಡಿ ಎಡ ಹಿಮ್ಮಡಿಯ ಪಕ್ಕ ನೆಲ ಮುಟ್ಟಬೇಕು. ಒಂದು ಉಸಿರು ಹಾಗೇ ಇದ್ದು ಏಳಬೇಕು. ಶಿಲುಬೆ, ಮೇಣದಬತ್ತಿ ಹಿಡಿದವರು ತಲೆ ಬಾಗಿಸಿದರೆ ಸಾಕು. ಬರೀ ಬಲಿಪೀಠಕ್ಕಾದರೆ ಸೊಂಟ ಬಗ್ಗಿಸಿ ನಮಸ್ಕಾರ. ಮಂಡಿ ಪರಮಪ್ರಸಾದಕ್ಕೆ, ಅಂದರೆ ಕ್ರಿಸ್ತನ ದೇಹವೆಂದು ನಾವು ನಂಬುವ ಪವಿತ್ರ ರೊಟ್ಟಿಗೆ, ಮೀಸಲು. ಎಲ್ಲದಕ್ಕೂ ಮಂಡಿಯೂರಿಸಿದರೆ ಅದರ ತೂಕವೇ ಹೋಗುತ್ತದೆ.

ಮೊದಮೊದಲು ಏನೂ ಬದಲಾಗಲಿಲ್ಲ. ‘ಮಕ್ಕಳಿಗೆ ಸುಮ್ನೆ ಡ್ರಿಲ್ ಯಾಕೆ?’ ಎಂದರು. ಮೂರ್ನಾಲ್ಕು ತಿಂಗಳಾದ ಮೇಲೆ ಮುಂದಿನ ಸಾಲುಗಳಲ್ಲಿ ಮಾತು ಇಳಿಯಿತು, ನಿಧಾನಕ್ಕೆ ಹಿಂದಿನವರೆಗೂ ಹೋಯಿತು. ಬೆಂಚಿಗೆ ಹೋಗುವ ಮುಂಚೆ ದೊಡ್ಡವರೂ ನಿಂತು ಮಂಡಿಯೂರತೊಡಗಿದರು. ನಮ್ಮ ಹುಡುಗರಷ್ಟು ಚೆಂದ ಮಂಡಿಯೂರುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಚಡಪಡಿಸುವ ಹುಡುಗನನ್ನು ನಿಲ್ಲಿಸಲು ಒಂದು ಉಪಾಯ ಇದೆ. ಅದು ನಮ್ಮ ಸಾಕ್ರಿಸ್ಟಿಯಲ್ಲೇ ಇರಲಿ.

ನಡುವೆ ದೀಪದ ಪ್ರಯೋಗವನ್ನೂ ಮಾಡಿದೆ. ಪರಮಪ್ರಸಾದದ ಪೆಟ್ಟಿಗೆಯ ಪಕ್ಕದ ನಿತ್ಯದೀಪ ಎಣ್ಣೆ ಅಥವಾ ಮೇಣದ್ದಿರಬೇಕು. ನಮ್ಮಲ್ಲಿ ಬಲ್ಬ್ ಇತ್ತು. ಅದನ್ನು ತೆಗೆಸಿ ಎಣ್ಣೆ ದೀಪ ಇಟ್ಟೆ. ಇಡೀ ಪ್ರಯತ್ನದಲ್ಲಿ ನಾನು ಮಾಡಿಸಿದ ಖರ್ಚು ಆ ಎಣ್ಣೆ, ಬತ್ತಿ ಅಷ್ಟೇ. ಸಂಜೆ ಒಳಗಿನ ಲೈಟೂ ಕಮ್ಮಿ ಮಾಡಿ ನೋಡಿದೆವು. ಮಾತು ತಾನಾಗೇ ನಿಂತಿತು, ಆದರೆ ವಯಸ್ಸಾದವರಿಗೆ ಮೆಟ್ಟಿಲು ಕಾಣಲಿಲ್ಲ. ಈಗ ಪೀಠದ ಕಡೆ ಮಾತ್ರ ಕಮ್ಮಿ ಇಡುತ್ತೇವೆ.

ಮಂಡಿನೋವು ಇದ್ದವರನ್ನು ದಯವಿಟ್ಟು ಒತ್ತಾಯ ಮಾಡಬೇಡಿ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರ (ಬಿಷಪ್ಪರ) ಸಭೆ ಭಾನುವಾರ ನಿಂತೇ ಪ್ರಾರ್ಥಿಸಿ ಎಂದಿತ್ತು. ನಿಲ್ಲುವುದೂ ಭಕ್ತಿಯೇ.

ಒಂದು ಬಾಕಿ ಇದೆ. ಶುಭ ಶುಕ್ರವಾರದ ಶಿಲುಬೆ ಆರಾಧನೆಯಿಂದ ಪಾಸ್ಖ ಜಾಗರಣೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆ) ಶುರುವಾಗುವ ತನಕ ಶಿಲುಬೆಗೂ ಮಂಡಿಯೂರಬೇಕು. ಇದು ಜನರಿಗೆ ಇನ್ನೂ ಅಭ್ಯಾಸವಾಗಿಲ್ಲ. ಈ ಸಲ ಹುಡುಗರ ಜೊತೆ ಅದನ್ನೇ ಹಿಡಿದಿದ್ದೇನೆ.