ಹೊಸ ಬ್ಯಾಂಡ್ ಹುಡುಕಬೇಕಾ? ಸಣ್ಣ ಅಕ್ಷರದಲ್ಲಿರುವ ಹೆಸರು ಓದಿ

ನಾಲ್ಕು ಜನ ಸೇರಿ ಮನೆಯಲ್ಲೇ ರೆಕಾರ್ಡ್ ಮಾಡಿ ಎರಡು ಹಾಡು ಬಿಟ್ಟಿದ್ದಾರೆ ಅಂದುಕೊಳ್ಳಿ. ಹಾಡು ಚೆನ್ನಾಗಿಯೇ ಇದೆ. ಆದರೂ ನಿಮ್ಮ ಫೋನಿನ ಆ್ಯಪ್ ಅದನ್ನು ನಿಮ್ಮ ಮುಂದೆ ತಂದಿಡುವುದು ಕಷ್ಟ. ಹಾಡು ಕೇಳುವ ಆ್ಯಪ್ ಸ್ಪಾಟಿಫೈ 2015ರ ಜುಲೈಯಿಂದ ಪ್ರತಿ ಸೋಮವಾರ 30 ಹಾಡುಗಳ ‘ಡಿಸ್ಕವರ್ ವೀಕ್ಲಿ’ ಪಟ್ಟಿ ಕೊಡುತ್ತಾ ಬಂದಿದೆ. ನೀವು ಕೇಳುವ ಹಾಡುಗಳು ಬೇರೆ ಯಾರ ಪ್ಲೇಲಿಸ್ಟ್‌ನಲ್ಲಿವೆ, ಅವುಗಳ ಅಕ್ಕಪಕ್ಕ ಇನ್ಯಾವ ಹಾಡಿದೆ ಎಂಬುದೇ ಆ ಪಟ್ಟಿಯ ಮುಖ್ಯ ಲೆಕ್ಕ. ಯಾರ ಪ್ಲೇಲಿಸ್ಟ್‌ಗೂ ಇನ್ನೂ ಸೇರದ ಹಾಡು ಈ ಲೆಕ್ಕದಲ್ಲಿ ಬರುವುದಾದರೂ ಹೇಗೆ?

ಅದಕ್ಕೇ ಇಂಡೀ ಪಾಪ್‌ನಲ್ಲಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಹೊರಬರುವ ಪಾಪ್‌ನಲ್ಲಿ, ಬ್ಯಾಂಡ್‌ಗಿಂತ ಮೊದಲು ಅದರ ಸುತ್ತ ಇರುವ ಜನರನ್ನು ಹುಡುಕುವುದು ಲೇಸು. ರೆಕಾರ್ಡ್ ಮಾಡಿದವರು, ಬಿಡುಗಡೆ ಮಾಡಿದವರು, ಮೊದಲು ದುಡ್ಡು ಕೊಟ್ಟು ಕೊಂಡವರು, ತಮ್ಮ ಜೊತೆ ವೇದಿಕೆಗೆ ಕರೆದವರು. ಇವರ ಹೆಸರೆಲ್ಲ ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತವೆ.

ಹೆಜ್ಜೆ 1: ಒಂದೇ ಹಾಡು ಆರಿಸಿ

ನಿಮಗೆ ಈಗಾಗಲೇ ಇಷ್ಟವಾದ ಒಂದು ಇಂಡೀ ಪಾಪ್ ಹಾಡು ತೆಗೆದುಕೊಳ್ಳಿ. ಅದರಲ್ಲಿ ಏನು ಇಷ್ಟ? ಗಿಟಾರ್ ತಂತಿಗಳು ಒಂದೊಂದಾಗಿ ಸ್ಪಷ್ಟವಾಗಿ ಮಿಂಚುತ್ತಿದ್ದರೆ ಅದು ಜ್ಯಾಂಗಲ್ ಪಾಪ್. 1960ರ ದಶಕದಲ್ಲಿ ದಿ ಬರ್ಡ್ಸ್ ತಂಡದ 12 ತಂತಿಯ ಗಿಟಾರ್‌ನಿಂದ ಜನಪ್ರಿಯವಾದ ನಾದ ಅದು. ದನಿ ದೂರದಿಂದ, ಮಂಜಿನೊಳಗಿಂದ ಬಂದಂತಿದ್ದರೆ ಡ್ರೀಮ್ ಪಾಪ್. ಒಬ್ಬರೇ ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮಾಡಿದ್ದು ಅಂತ ಕೇಳಿದ ಕೂಡಲೇ ಗೊತ್ತಾದರೆ ಬೆಡ್‌ರೂಮ್ ಪಾಪ್. ಈ ಹೆಸರುಗಳ ಬಗ್ಗೆ ವಾದ ಮಾಡುತ್ತಾ ಕೂರಬೇಡಿ. ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಲು ಬರೀ ‘ಇಂಡೀ’ ಅನ್ನುವುದಕ್ಕಿಂತ ಇವು ಜಾಸ್ತಿ ಕೆಲಸಕ್ಕೆ ಬರುತ್ತವೆ, ಅಷ್ಟು ಸಾಕು.

ಹೆಜ್ಜೆ 2: ಲೇಬಲ್ ಹೆಸರು ಹಿಡಿಯಿರಿ

ಲೇಬಲ್ ಅಂದರೆ ಹಾಡನ್ನು ಬಿಡುಗಡೆ ಮಾಡುವ ಕಂಪನಿ. ನನ್ನ ಕೇಳಿದರೆ ಇಡೀ ಹುಡುಕಾಟದಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ದೊಡ್ಡ ಕಂಪನಿಗಳ ಹೆಸರು ನೋಡಿದರೆ ಏನೂ ತಿಳಿಯುವುದಿಲ್ಲ. ಅಲ್ಲಿ ಎಲ್ಲ ಬಗೆಯ ಸಂಗೀತವೂ ಇರುತ್ತದೆ. ಸಣ್ಣ ಲೇಬಲ್ ಹಾಗಲ್ಲ. ಅದನ್ನು ನಡೆಸುವವರು ಒಬ್ಬಿಬ್ಬರು. ಅವರಿಗೆ ಇಷ್ಟವಾದದ್ದು ಮಾತ್ರ ಅಲ್ಲಿ ಹೊರಬರುತ್ತದೆ. ಅವರ ಕಿವಿ ನಿಮ್ಮ ಕಿವಿಗೆ ಒಮ್ಮೆ ಹೊಂದಿತು ಅಂದರೆ ಇನ್ನೊಮ್ಮೆ ಹೊಂದುವ ಸಾಧ್ಯತೆ ಹೆಚ್ಚು.

1980ರಲ್ಲಿ ಮೊದಲ ರೆಕಾರ್ಡ್ ತಂದ ಗ್ಲಾಸ್ಗೋದ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್ ನೋಡಿ. ಆಗ ಅದು ಹೆಚ್ಚು ದಿನ ಬಾಳಲಿಲ್ಲ. ಬಂದದ್ದು ಹೆಚ್ಚಾಗಿ ಬೆರಳೆಣಿಕೆಯ ಸಿಂಗಲ್‌ಗಳು (ಒಂದೆರಡು ಹಾಡಿನ ರೆಕಾರ್ಡ್‌ಗಳು). ಆದರೆ ಆಗ ಅದರ ಆರೆಂಜ್ ಜ್ಯೂಸ್ ಎಂಬ ಬ್ಯಾಂಡನ್ನು ಇಷ್ಟಪಟ್ಟು ಲೇಬಲ್ ಹೆಸರಿನ ಬೆನ್ನು ಹತ್ತಿದವರಿಗೆ ಜೋಸೆಫ್ ಕೆ, ಆಝ್ಟೆಕ್ ಕ್ಯಾಮೆರಾ ಸಿಕ್ಕವು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಬಂದ ದಿ ಗೋ-ಬಿಟ್ವೀನ್ಸ್ ಕೂಡ ಸಿಕ್ಕಿತು. ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ 1987ರಿಂದ 1995ರವರೆಗೆ ನಡೆಯಿತು. 100ನೇ ಬಿಡುಗಡೆ ಮುಗಿಸಿ, ಒಂದು ಪಾರ್ಟಿ ಮಾಡಿ, ತಾವಾಗಿಯೇ ಅಂಗಡಿ ಮುಚ್ಚಿದರು. ಅದರ ಕೇಳುಗರಲ್ಲಿ ಎಷ್ಟೋ ಜನ ಬ್ಯಾಂಡ್ ಯಾವುದು ಅಂತಲೂ ನೋಡದೆ ಮುಂದಿನ ಬಿಡುಗಡೆಗೆ ಕಾಯುತ್ತಿದ್ದರು. ಇನ್ನು 1989ರಿಂದ ಇರುವ ಅಮೆರಿಕದ ಸ್ಲಂಬರ್‌ಲ್ಯಾಂಡ್, 2008ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕ್ಯಾಪ್ಚರ್ಡ್ ಟ್ರ್ಯಾಕ್ಸ್. ಈ ಎರಡನೆಯದು ವೈಲ್ಡ್ ನಥಿಂಗ್, ಬೀಚ್ ಫಾಸಿಲ್ಸ್, ಮ್ಯಾಕ್ ಡಿಮಾರ್ಕೊ ಮೂವರನ್ನೂ ಹೊರತಂದಿದೆ.

ಮಾಡಬೇಕಾದದ್ದು ಇದು. ನೀವು ಆರಿಸಿದ ಹಾಡಿನ ಆಲ್ಬಂ ಪುಟದ ತಳಕ್ಕೆ ಹೋಗಿ. ವರ್ಷದ ಪಕ್ಕ ಒಂದು ಹೆಸರು ಇರುತ್ತದೆ. ಅದೇ ಲೇಬಲ್. ಆ ಹೆಸರಿನ ಪುಟ ತೆರೆಯಿರಿ. ಮೇಲೆ ಕಾಣುವ ಹೆಸರಾಂತ ಆಲ್ಬಂಗಳನ್ನು ಬಿಟ್ಟುಬಿಡಿ, ಅವು ಹೇಗೂ ನಿಮಗೆ ಸಿಗುತ್ತವೆ. ಈಚಿನ ಒಂದೆರಡು ವರ್ಷದಲ್ಲಿ ಬಂದ ಸಿಂಗಲ್ ಮತ್ತು ಇಪಿ (ಆಲ್ಬಂಗಿಂತ ಚಿಕ್ಕದಾದ, ಕೆಲವೇ ಹಾಡಿನ ರೆಕಾರ್ಡ್) ಮಾತ್ರ ನೋಡಿ. ಯಾವ ಬ್ಯಾಂಡ್‌ಗೆ ಇನ್ನೂ ಪೂರ್ತಿ ಆಲ್ಬಂ ಬಂದಿಲ್ಲವೋ ಅದೇ ನಿಮಗೆ ಬೇಕಾದದ್ದು.

ಹೆಜ್ಜೆ 3: ರೆಕಾರ್ಡ್ ಮಾಡಿದವರು ಯಾರು?

ಬಜ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ ತನ್ನದೇ ಲೇಬಲ್‌ನಲ್ಲಿ ಮೊದಲ ಇಪಿ ತಂದಿತು. ಹಾಡು ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು), ಮೇಲಿಂದ ಏನಾದರೂ ಸೇರಿಸಿದ್ದಾರಾ ಇಲ್ಲವಾ ಎಂದು ಅದರ ಕವರ್ ಮೇಲೆಯೇ ಅಚ್ಚು ಹಾಕಿಸಿದ್ದರು. ಇದು ನೀವೂ ಮಾಡಬಹುದಾದ ಕೆಲಸ ಎಂದು ಕೇಳುಗರಿಗೆ ಹೇಳಿದ ಹಾಗೆ. ಅದೇ ಕವರ್ ಮೇಲೆ ಪ್ರೊಡ್ಯೂಸರ್, ಅಂದರೆ ರೆಕಾರ್ಡಿಂಗ್ ನೋಡಿಕೊಂಡವನ, ಹೆಸರು ಮಾರ್ಟಿನ್ ಝೀರೋ ಎಂದಿತ್ತು. ಆತನ ನಿಜ ಹೆಸರು ಮಾರ್ಟಿನ್ ಹ್ಯಾನೆಟ್. ಎರಡು ವರ್ಷದ ನಂತರ, 1979ರಲ್ಲಿ, ಜಾಯ್ ಡಿವಿಷನ್ ತಂಡದ ಮೊದಲ ಆಲ್ಬಂ ಮಾಡಿದ್ದು ಇದೇ ಮನುಷ್ಯ. ಆ ಒಂದು ಹೆಸರು ನೆನಪಿಟ್ಟುಕೊಂಡವರು ಮುಂದಿನ ದೊಡ್ಡ ಬ್ಯಾಂಡನ್ನು ಎಲ್ಲರಿಗಿಂತ ಮುಂಚೆ ಕೇಳಬಹುದಿತ್ತು. ಹೆಸರು ಬದಲಿಸಿಕೊಂಡಿದ್ದ ಅನ್ನುವುದು ಬೇರೆ ಮಾತು.

ಈಗ ಕವರ್ ತಿರುಗಿಸಿ ನೋಡುವ ಅಗತ್ಯವಿಲ್ಲ. ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಹೆಚ್ಚಿನ ಆ್ಯಪ್‌ಗಳಲ್ಲಿ ಕ್ರೆಡಿಟ್ಸ್ ಸಿಗುತ್ತದೆ. ಪ್ರೊಡ್ಯೂಸರ್ ಮತ್ತು ಮಿಕ್ಸ್ ಮಾಡಿದವರ ಹೆಸರು ಬರೆದುಕೊಳ್ಳಿ. ಮಾಸ್ಟರಿಂಗ್ ಮಾಡಿದವರನ್ನು ಬಿಡಬಹುದು. ಅವರು ಲೋಕದ ಎಲ್ಲ ಬಗೆಯ ಹಾಡಿಗೂ ಕೊನೆಯ ಕೈ ಹಚ್ಚುವವರು, ಅವರ ಹಿಂದೆ ಹೋದರೆ ದಾರಿ ತಪ್ಪುತ್ತದೆ. ಹಳೆಯ ಬಿಡುಗಡೆಗಳಾದರೆ ಡಿಸ್ಕಾಗ್ಸ್ ತಾಣದಲ್ಲಿ ಹುಡುಕಿ. ಹೆಸರು ಒತ್ತಿದರೆ ಅವರು ಕೆಲಸ ಮಾಡಿದ ಉಳಿದ ರೆಕಾರ್ಡ್‌ಗಳೂ ಬರುತ್ತವೆ.

ಹೆಜ್ಜೆ 4: ಕೊಂಡವರ ಕಪಾಟು ನೋಡಿ

ಬ್ಯಾಂಡ್‌ಕ್ಯಾಂಪ್ ಎಂಬ ತಾಣ 2008ರಿಂದ ಇದೆ. ಅಲ್ಲಿ ಬ್ಯಾಂಡ್ ತನ್ನ ಹಾಡನ್ನು ತಾನೇ ಮಾರುತ್ತದೆ. ಡಿಜಿಟಲ್ ಮಾರಾಟದಲ್ಲಿ ತಾಣ ಸಾಮಾನ್ಯವಾಗಿ ಶೇ 15 ಇಟ್ಟುಕೊಳ್ಳುತ್ತದೆ. ಪಾವತಿ ಶುಲ್ಕ ಕಳೆದು ಉಳಿದದ್ದು ಬ್ಯಾಂಡ್‌ಗೆ ಅಥವಾ ಲೇಬಲ್‌ಗೆ. 2020ರ ಮಾರ್ಚ್ 20ರಂದು ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ತಾಣ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ.

ಆದರೆ ಹುಡುಕುವವರಿಗೆ ಬೇಕಾದದ್ದು ಆಲ್ಬಂ ಚಿತ್ರದ ಹತ್ತಿರ ಇರುವ ಪುಟ್ಟ ಪುಟ್ಟ ಫೋಟೊಗಳ ಸಾಲು. ಬೆಕ್ಕು, ಕಾರ್ಟೂನ್, ಯಾರದೋ ಅರ್ಧ ಮುಖ. ಇವರು ದುಡ್ಡು ಕೊಟ್ಟು ಈ ಆಲ್ಬಂ ಕೊಂಡವರು. ಕೆಲವರು ಎರಡು ಸಾಲು ಬರೆದು, ಯಾವ ಹಾಡು ತುಂಬ ಇಷ್ಟ ಅಂತಲೂ ಗುರುತು ಹಾಕಿರುತ್ತಾರೆ. ಒಂದು ಫೋಟೊ ಒತ್ತಿ. ಅವರು ಇದುವರೆಗೆ ಕೊಂಡದ್ದೆಲ್ಲ ನಿಮ್ಮ ಮುಂದೆ ಹರಡಿಕೊಳ್ಳುತ್ತದೆ. ನಿಮಗೂ ಇಷ್ಟವಾದ ಮೂರು ನಾಲ್ಕು ಬ್ಯಾಂಡ್ ಅಲ್ಲಿ ಕಂಡರೆ ಆ ವ್ಯಕ್ತಿಯನ್ನು ಫಾಲೋ ಮಾಡಿ. ಸಾವಿರಾರು ಆಲ್ಬಂ ತುಂಬಿಕೊಂಡವರು ಬೇಡ. ಅವರು ಸಿಕ್ಕಿದ್ದೆಲ್ಲ ಕೊಳ್ಳುವವರು, ಆಯ್ಕೆ ಅನ್ನುವುದು ಅಲ್ಲಿ ಕಾಣುವುದಿಲ್ಲ. ಕಡಿಮೆ ಕೊಂಡು, ಮನಸ್ಸಿಟ್ಟು ಎರಡು ಮಾತು ಬರೆಯುವವರನ್ನು ನಂಬಿ. ಹಾಡನ್ನು ಸುಮ್ನೆ ಲೈಕ್ ಮಾಡುವುದಕ್ಕೂ ಜೇಬಿಗೆ ಕೈ ಹಾಕುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹೆಜ್ಜೆ 5: ಪೋಸ್ಟರನ್ನು ಕೆಳಗಿನಿಂದ ಓದಿ

ನಿಮ್ಮ ಮೆಚ್ಚಿನ ಬ್ಯಾಂಡ್ ಪ್ರವಾಸ ಹೊರಟಾಗ ಅವರಿಗಿಂತ ಮೊದಲು ನುಡಿಸುವವರು ಯಾರು ಅಂತ ನೋಡಿ. ಎಷ್ಟೋ ಸಲ ಆ ಆಯ್ಕೆ ಬ್ಯಾಂಡ್‌ನದೇ. ಸಂಗೀತ ಉತ್ಸವದ ಪೋಸ್ಟರ್‌ಗಳಲ್ಲಿ ದೊಡ್ಡ ಅಕ್ಷರ ಮೇಲೆ, ಇರುವೆ ಸಾಲಿನಂಥ ಅಕ್ಷರ ಕೆಳಗೆ. ನಿಮ್ಮ ಕೆಲಸ ಆ ಇರುವೆ ಸಾಲಿನಲ್ಲಿ. 1987ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ನಡೆಯುವ ಸೌತ್ ಬೈ ಸೌತ್‌ವೆಸ್ಟ್, 2006ರಿಂದ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆಯುವ ದಿ ಗ್ರೇಟ್ ಎಸ್ಕೇಪ್, ಇವೆರಡಕ್ಕೂ ಹೊಸ ಬ್ಯಾಂಡ್‌ಗಳೇ ಜೀವಾಳ. ಅಲ್ಲಿಗೆ ಹೋಗಬೇಕಾಗಿಲ್ಲ, ಪಟ್ಟಿ ಸಾಕು.

ರೇಡಿಯೊ ಇನ್ನೂ ಸತ್ತಿಲ್ಲ. ಬಿಬಿಸಿಯ ರೇಡಿಯೊ ನಿರೂಪಕ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಹೆಸರಿಲ್ಲದ ಬ್ಯಾಂಡ್‌ಗಳನ್ನು ಸ್ಟುಡಿಯೊಗೆ ಕರೆಸುತ್ತಿದ್ದರು. ಸಾಮಾನ್ಯವಾಗಿ ಒಂದೇ ದಿನದಲ್ಲಿ ನಾಲ್ಕು ಹಾಡು ರೆಕಾರ್ಡ್ ಆಗಿ ಮುಗಿಯುತ್ತಿತ್ತು. ಈಗ ಆ ಬಗೆಯ ಕೆಲಸವನ್ನು ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊ ಮಾಡುತ್ತಿದೆ. ಬ್ಯಾಂಡ್ ಸ್ಟುಡಿಯೊದಲ್ಲಿ ನುಡಿಸಿದ್ದು ಯೂಟ್ಯೂಬ್‌ನಲ್ಲಿ ಪೂರ್ತಿ ಸಿಗುತ್ತದೆ.

ಹೆಜ್ಜೆ 6: ನಿಜವಾ ಸುಳ್ಳಾ ಪರೀಕ್ಷಿಸಿ

ಕೇಳುಗರ ಸಂಖ್ಯೆ ನೋಡಿ ಮರುಳಾಗಬೇಡಿ. 2025ರಲ್ಲಿ ದಿ ವೆಲ್ವೆಟ್ ಸನ್‌ಡೌನ್ ಎಂಬ ‘ಬ್ಯಾಂಡ್’ಗೆ ಸ್ಪಾಟಿಫೈನಲ್ಲಿ ತಿಂಗಳಿಗೆ 10 ಲಕ್ಷಕ್ಕೂ ಹೆಚ್ಚು ಕೇಳುಗರಿದ್ದರು. ಎಐ ಬಳಸಿ ಮಾಡಿದ ಸಂಗೀತ ಎಂದು ಆಮೇಲೆ ಅದರ ಪುಟದಲ್ಲೇ ಒಪ್ಪಿಕೊಂಡರು. ಹಾಗಾಗಿ ಮೊದಲು ಲೈವ್ ವಿಡಿಯೊ ಹುಡುಕಿ. ಮೊಬೈಲ್‌ನಲ್ಲಿ ತೆಗೆದ ಅಲುಗಾಡುವ ವಿಡಿಯೊ ಆದರೂ ಪರವಾಗಿಲ್ಲ. ಒಂದು ಹಾಡಿಗೆ ಲಕ್ಷಗಟ್ಟಲೆ, ಉಳಿದವಕ್ಕೆ ನೂರಿನ ಲೆಕ್ಕ ಇದ್ದರೆ ಆ ಒಂದು ಹಾಡು ಯಾವುದೋ ದೊಡ್ಡ ಪ್ಲೇಲಿಸ್ಟ್‌ಗೆ ಸೇರಿರಬಹುದು, ಅಷ್ಟೆ. ಅದರಿಂದ ಬ್ಯಾಂಡ್ ಕೆಟ್ಟದ್ದು ಅಂತಲೂ ಅಲ್ಲ, ಒಳ್ಳೆಯದು ಅಂತಲೂ ಅಲ್ಲ.

ಮೂರು ಹಾಡು ಕೇಳಿ. ಹೆಸರಾದ ಹಾಡು ಒಂದು, ಎಲ್ಲಕ್ಕಿಂತ ಹಳೆಯದೊಂದು, ಈಗ ತಾನೇ ಬಂದದ್ದೊಂದು. ಹಳೆಯದಕ್ಕೂ ಹೊಸದಕ್ಕೂ ನಡುವೆ ಏನಾದರೂ ಬೆಳೆದಿದೆಯಾ ಅಂತ ಕಿವಿಗೊಡಿ. ಡ್ರಮ್ ಮಷೀನ್ ಹೋಗಿ ಡ್ರಮ್ಮರ್ ಬಂದಿರಬಹುದು. ಹಾಡುವವರು ಗುನುಗುವುದು ಬಿಟ್ಟು ಬಾಯಿಬಿಟ್ಟು ಹಾಡಿರಬಹುದು. ಮೂರೂ ಒಂದೇ ಅಚ್ಚಿನಲ್ಲಿದ್ದರೆ ನಾನಾದರೆ ಮುಂದಿನ ಹೆಸರಿಗೆ ಹೋಗುತ್ತೇನೆ.

ಹೆಜ್ಜೆ 7: ಬರೆದಿಡಿ

ಬ್ಯಾಂಡ್ ಹೆಸರಿನ ಪಕ್ಕದಲ್ಲಿ ಊರು ಮತ್ತು ಲೇಬಲ್ ಕೂಡ ಬರೆಯಿರಿ. ಒಂದೇ ಹೆಸರಿನ ಎರಡು ಮೂರು ಬ್ಯಾಂಡ್ ಇರುವುದು ಮಾಮೂಲು. ಆ್ಯಪ್‌ಗಳು ಅವರ ಹಾಡುಗಳನ್ನು ಕಲಸಿ ಒಂದೇ ಪುಟಕ್ಕೆ ಹಾಕುವುದೂ ಉಂಟು. 2015ರ ಜುಲೈ 10ರಿಂದ ಬಹುತೇಕ ದೇಶಗಳಲ್ಲಿ ಹೊಸ ಬಿಡುಗಡೆಯ ದಿನ ಶುಕ್ರವಾರ. ಪಟ್ಟಿ ತೆಗೆದು ನೋಡಲು ಅದೇ ಒಳ್ಳೆಯ ದಿನ.

ಸದಸ್ಯರ ಹೆಸರನ್ನೂ ಬಿಡಬೇಡಿ. ಇಂಡೀ ಪಾಪ್ ಬ್ಯಾಂಡ್‌ಗಳು ಬೇಗ ಒಡೆಯುತ್ತವೆ. ಆಕ್ಸ್‌ಫರ್ಡ್‌ನ ಟಲೂಲಾ ಗಾಶ್ 1986ರಲ್ಲಿ ಹುಟ್ಟಿ 1988ಕ್ಕೆ ಮುಗಿಯಿತು. ಆದರೆ ಅದೇ ಸದಸ್ಯರಲ್ಲಿ ಹೆಚ್ಚಿನವರು ಸೇರಿ ಹೆವೆನ್ಲಿ ಕಟ್ಟಿ, ಸಾರಾ ರೆಕಾರ್ಡ್ಸ್‌ನಿಂದ ಹಾಡು ತಂದರು. ಅದರ ಹಾಡುಗಾರ್ತಿ ಅಮೇಲಿಯಾ ಫ್ಲೆಚರ್ ಆಮೇಲೆ ಮರೈನ್ ರಿಸರ್ಚ್, ಟೆಂಡರ್ ಟ್ರ್ಯಾಪ್, ದಿ ಕ್ಯಾಟಿನರಿ ವೈರ್ಸ್ ಎಂದು ಒಂದಾದ ಮೇಲೊಂದು ಬ್ಯಾಂಡ್‌ನಲ್ಲಿ ಹಾಡಿದರು. ನಿಮ್ಮ ಪಟ್ಟಿಯ ಬ್ಯಾಂಡ್ ಒಡೆಯಿತು ಅಂತ ಸುದ್ದಿ ಬಂದರೆ ಅದರ ಹೆಸರಿನ ಮೇಲೆ ಗೀಟು ಹಾಕಿ, ಸದಸ್ಯರ ಹೆಸರನ್ನು ಹಾಗೇ ಬಿಡಿ.