ಹವಾಮಾನ ಕಾಯ್ದೆ ಪಾಸ್ ಮಾಡಿಸಬೇಕಾ? ಮೊದಲು ಕ್ಯಾಲೆಂಡರ್ ನೋಡಿ

ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಅಮೆರಿಕದಲ್ಲಿ ಆ ಗಾಳಿ ಹೊಸ ಅಧ್ಯಕ್ಷ ಬಂದ ಮೇಲೆ ಹೆಚ್ಚೆಂದರೆ ಎರಡು ವರ್ಷ. ಆಮೇಲೆ ಮಧ್ಯಾವಧಿ ಚುನಾವಣೆ, ಅದರಲ್ಲಿ ಆಡಳಿತ ಪಕ್ಷ ಸಾಮಾನ್ಯವಾಗಿ ಸೀಟು ಕಳೆದುಕೊಳ್ಳುತ್ತದೆ. ಹಾಗಾಗಿ ಆ ನವೆಂಬರ್‌ನಿಂದ ಹಿಂದಕ್ಕೆ ದಿನ ಎಣಿಸಿ.

ಸರದಿಯಲ್ಲಿ ಎರಡನೆಯವರಾಗಿ ಮಾತ್ರ ನಿಲ್ಲಬೇಡಿ. 2009ರ ಜೂನ್‌ನಲ್ಲಿ ವ್ಯಾಕ್ಸ್‌ಮನ್-ಮಾರ್ಕಿ ಅನ್ನುವ ಹವಾಮಾನ ಮಸೂದೆ ಪ್ರತಿನಿಧಿ ಸಭೆಯಲ್ಲಿ 219-212 ಮತಗಳಿಂದ ಗೆದ್ದಿತು. ಸೆನೆಟ್‌ನಲ್ಲಿ ಆರೋಗ್ಯ ವಿಮೆಯ ಮಸೂದೆ ಮುಂದೆ ಇತ್ತು. ಅದರ ಜಗ್ಗಾಟ ಮುಗಿಯುವ ಮೊದಲೇ, 2010ರ ಜನವರಿಯಲ್ಲಿ, ಮ್ಯಾಸಚೂಸೆಟ್ಸ್‌ನ ಸೀಟು ಕೈತಪ್ಪಿ ಆಡಳಿತದಲ್ಲಿದ್ದ ಡೆಮಾಕ್ರಟರಿಗೆ 100 ಜನರ ಸೆನೆಟ್‌ನಲ್ಲಿ ವಿರೋಧಿಗಳ ತಡೆ ಮುರಿಯಲು ಬೇಕಾದ 60 ಮತದ ಬಲ ಹೋಯಿತು. ಹವಾಮಾನ ಮಸೂದೆ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ.

60 ಸಿಗಲ್ಲ ಅನ್ನಿಸಿದರೆ ಬಜೆಟ್ ದಾರಿ ಹಿಡಿಯಿರಿ. ಅದಕ್ಕೆ ರೀಕನ್ಸಿಲಿಯೇಷನ್ ಅನ್ನುತ್ತಾರೆ, ಸರಳ ಬಹುಮತ ಸಾಕು. ಆದರೆ ತೆರಿಗೆ, ಖರ್ಚಿನ ವಿಷಯ ಮಾತ್ರ ಹಾಕಬಹುದು. ಕಲ್ಲಿದ್ದಲು ಸ್ಥಾವರ ಮುಚ್ಚಿ ಅಂತ ಬರೆಯುವಂತಿಲ್ಲ, ಸೋಲಾರ್ ಹಾಕಿದವರಿಗೆ ತೆರಿಗೆ ಕಡಿತ ಕೊಡಬಹುದು. ನನ್ನ ಕೇಳಿದರೆ ಇದೇ ವಾಸಿ, ದುಡ್ಡು ಕೊಡುವ ಕಾನೂನನ್ನು ಬೈಯುವುದು ಕಷ್ಟ ಅಲ್ವಾ?

ಈಗ ಕೊನೆಯ ಮತ. 50-50 ಸೆನೆಟ್‌ನಲ್ಲಿ ಅದು ಕಲ್ಲಿದ್ದಲು ನಾಡು ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್ ಅವರದಾಗಿತ್ತು. 2010ರ ಪ್ರಚಾರದ ಜಾಹೀರಾತಿನಲ್ಲಿ ಹವಾಮಾನ ಮಸೂದೆಯ ಪ್ರತಿಗೆ ಬಂದೂಕಿನಿಂದ ಗುಂಡು ಹೊಡೆದಿದ್ದ ಆಸಾಮಿ! ಅಂಥವರನ್ನು ಬೀದಿಯಲ್ಲಿ ಬೈದು ಸುಮ್ನೆ ಗಂಟಲು ನೋಯಿಸಿಕೊಳ್ಳಬೇಡಿ. ಏನು ಬೇಕು ಅಂತ ಕೇಳಿ. 2022ರಲ್ಲಿ ಸೆನೆಟ್‌ನ ಡೆಮಾಕ್ರಟಿಕ್ ನಾಯಕ ಚಕ್ ಶೂಮರ್ ಮ್ಯಾಂಚಿನ್ ಜೊತೆ ಗುಟ್ಟಾಗಿ ಕೂತು ಮಾತಾಡಿದರು. ಸಮುದ್ರದಲ್ಲಿ ತೈಲ ತೆಗೆಯುವ ಗುತ್ತಿಗೆ ಕೊಡಲು ಒಪ್ಪಿದರು, ಕಲ್ಲಿದ್ದಲು ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡವರ ನಿಧಿಗೆ ಕಾಯಂ ಹಣದ ವ್ಯವಸ್ಥೆ ಮಾಡಿದರು, ಬೆಲೆ ಏರಿಕೆಯಿಂದ ಜನ ಬೆಂದಿದ್ದ ಹೊತ್ತಿಗೆ ಹವಾಮಾನ ಮಸೂದೆಯ ಹೆಸರನ್ನೂ ಹಣದುಬ್ಬರ ಇಳಿಸುವ ಕಾಯ್ದೆ ಅಂತಲೇ ಇಟ್ಟರು. ಇಷ್ಟೇ ಅಲ್ಲ, ಇಂಥ ಮಸೂದೆ ತಂದರೆ ಚಿಪ್ ಕಾರ್ಖಾನೆಗಳ ಮಸೂದೆ ತಡೆಯುತ್ತೇವೆ ಅಂತ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಹೆದರಿಸಿದ್ದರು. ಜುಲೈ 27ರಂದು ಚಿಪ್ ಮಸೂದೆ ಸೆನೆಟ್ ದಾಟಿತು. ಅದಾದ ಕೆಲವೇ ಗಂಟೆಗಳಲ್ಲಿ ಒಪ್ಪಂದ ಹೊರಬಿತ್ತು! ಆಗಸ್ಟ್ 7ಕ್ಕೆ, ಸಮಬಲ ಮುರಿಯುವ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಮತದಿಂದ, 51-50ರಲ್ಲಿ ಮಸೂದೆ ಸೆನೆಟ್ ದಾಟಿತು.

ಪಾಸಾದ ಮೇಲೂ ಮೈಮರೆಯಬೇಡಿ. 2025ರಲ್ಲಿ ಟ್ರಂಪ್ ಸರ್ಕಾರ ಅದೇ ಬಜೆಟ್ ದಾರಿಯಲ್ಲಿ ಈ ಕಾಯ್ದೆಯನ್ನು ಕತ್ತರಿಸಿತು. ಎಲೆಕ್ಟ್ರಿಕ್ ಕಾರು ಕೊಳ್ಳುವವರ ರಿಯಾಯಿತಿ ಸೆಪ್ಟೆಂಬರ್‌ಗೇ ಹೋಯಿತು, ಬ್ಯಾಟರಿ ಕಾರ್ಖಾನೆಗಳ ರಿಯಾಯಿತಿ ಬಹುಪಾಲು ಉಳಿಯಿತು. ಆದ್ದರಿಂದ ಮೊದಲ ವರ್ಷದ ಹಣ ಕಾರ್ಖಾನೆಗಳಿಗೆ ಹೋಗಲಿ, ಅದೂ ನಿಮ್ಮ ವಿರುದ್ಧ ಮತ ಹಾಕಿದವರ ಕ್ಷೇತ್ರದಲ್ಲೇ.