ವಿಂಡೋಸ್ ಡಾಟ್ ಓಲ್ಡ್ ಹೋಗವಲ್ದು ಅಂದಾಗ

ಗಂಗಾವತಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೆ ರೈಸ್ ಮಿಲ್, ಗೊಬ್ಬರದ ಅಂಗಡಿ, ಡಿಟಿಪಿ ಸೆಂಟರ್‌ನವರು 11 ಹಾಕಿಕೊಡಿ ಅಂತ ಬರುವುದು ಜಾಸ್ತಿಯಾಯಿತು. ಹಾಕಿ ಕಳಿಸಿದ ಮೇಲೆ ಬರುವ ಫೋನ್ ಮಾತ್ರ ಒಂದೇ ಥರ: "ಸಿ ಡ್ರೈವ್ ಕೆಂಪಗಾಗೇತಿ ನೋಡ್ರೀ. ವಿಂಡೋಸ್ ಡಾಟ್ ಓಲ್ಡ್ ಅಂತ ಒಂದು ಫೋಲ್ಡರ್ ಐತಿ, ಡಿಲೀಟ್ ಕೊಟ್ರೂ ಹೋಗವಲ್ದು."

ನನ್ನ ಹತ್ತಿರ ಬರುವ ಮಷಿನ್‌ಗಳಲ್ಲಿ 128 ಜಿಬಿ ಎಸ್‌ಎಸ್‌ಡಿಗಳೇ ಹೆಚ್ಚು. ವಿಂಡೋಸ್ ಅದನ್ನು 119 ಅಂತ ತೋರಿಸುತ್ತದೆ. ಅದರಲ್ಲಿ ಈ ಫೋಲ್ಡರ್‌ನೊಳಗೆ ಉಳಿದ ಹಳೇ ವಿಂಡೋಸೇ ಇಪ್ಪತ್ತು ಜಿಬಿ ಹಿಡಿದು ಕೂತರೆ ಕೆಂಪಾಗದೆ ಇನ್ನೇನು?

ಆದರೂ ನಾನು ತಕ್ಷಣ ಅಳಿಸುವುದಿಲ್ಲ. ಆ ಫೋಲ್ಡರ್ ಇದ್ದರೆ 10 ದಿನದೊಳಗೆ ಹಳೇ ವಿಂಡೋಸ್‌ಗೆ ವಾಪಸ್ ಹೋಗಬಹುದು. ಮಿಲ್‌ನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಲಾರಿ ತೂಗುವ ವೇ ಬ್ರಿಡ್ಜ್ ಸಾಫ್ಟ್‌ವೇರ್ ಹೊಸದರಲ್ಲಿ ನಡೆಯುತ್ತವಾ ಅಂತ ನೋಡಲು ಅಷ್ಟು ದಿನ ಬೇಕು. ಆಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಅಳಿಸದೆ ಉಳಿದಾಗಲೇ ನಮ್ಮ ಕೆಲಸ.

ಮೊದಲು ಒಳಗೆ ಇಣುಕಬೇಕು. ಇನ್‌ಸ್ಟಾಲ್ ಮಾಡುವಾಗ ಯಾರಾದರೂ ಏನನ್ನು ಉಳಿಸಿಕೊಳ್ಳಬೇಕು ಅಂತ ಕೇಳಿದಲ್ಲಿ "ನಥಿಂಗ್" (ಏನೂ ಬೇಡ) ಅಂತ ಆರಿಸಿದ್ದರೆ, ಹಳೇ ಫೈಲ್‌ಗಳೆಲ್ಲ ಇದರೊಳಗೇ ಇರುತ್ತವೆ. ಯೂಸರ್ಸ್, ಅದರಲ್ಲಿ ಪಬ್ಲಿಕ್, ಅದರಲ್ಲಿ ಟ್ಯಾಲಿಪ್ರೈಮ್ (ಲೆಕ್ಕಪತ್ರದ ಸಾಫ್ಟ್‌ವೇರ್), ಅದರಲ್ಲಿ ಡೇಟಾ. ಮಿಲ್‌ನ ವರ್ಷದ ಲೆಕ್ಕ ಅಲ್ಲಿದ್ದರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಯೇ ಮುಂದಿನ ಮಾತು.

ಆಮೇಲೆ ಸರಳ ದಾರಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್ ಅನ್ನುವುದಕ್ಕೆ ಟಿಕ್ ಹಾಕಿ ತೆಗೆಯಿರಿ. ವಿಂಡೋಸ್‌ನದೇ ಡಿಸ್ಕ್ ಕ್ಲೀನಪ್‌ನಲ್ಲೂ ಆಗುತ್ತದೆ. ಆದರೆ "ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್" ಬಟನ್ ಒತ್ತದಿದ್ದರೆ ಆ ಹೆಸರೇ ಕಾಣುವುದಿಲ್ಲ. ಬಹಳಷ್ಟು ಜನ ಎಡವುವುದು ಇಲ್ಲೇ.

ಇಷ್ಟಾದರೂ ಕೆಲವು ಸಲ ಚೂರು ಉಳಿಯುತ್ತದೆ. ನಾನು ಜಾಸ್ತಿ ನೋಡಿರುವುದು ಪ್ರಿಂಟರ್ ಮುಂತಾದವುಗಳ ಡ್ರೈವರ್ ಇಡುವ ಡ್ರೈವರ್‌ಸ್ಟೋರ್ ಒಳಗಿನ ಫೈಲ್‌ರೆಪಾಸಿಟರಿ ಫೋಲ್ಡರ್. ಅದರ ಮಾಲೀಕ ನೀವಲ್ಲ, ವಿಂಡೋಸ್‌ನದೇ ಒಳಖಾತೆಗಳಾದ ಟ್ರಸ್ಟೆಡ್ ಇನ್‌ಸ್ಟಾಲರ್ ಅಥವಾ ಸಿಸ್ಟಮ್. ನೀವು ಅಡ್ಮಿನ್ ಆಗಿದ್ದರೂ ಅದು ಕೇಳುವುದಿಲ್ಲ. ಆಗ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಟೇಕ್‌ಓನ್ ಕಮಾಂಡ್‌ನಿಂದ ಮಾಲೀಕತ್ವ, ಐಕ್ಯಾಕಲ್ಸ್‌ನಿಂದ ಫುಲ್ ಪರ್ಮಿಶನ್ ತೆಗೆದುಕೊಳ್ಳುತ್ತೇನೆ. ಕೊನೆಗೆ ಫೋಲ್ಡರ್ ಅಳಿಸುವ ಆರ್‌ಡಿ ಕಮಾಂಡ್, ಜೊತೆಗೆ ಒಳಗಿನದ್ದನ್ನೂ ಅಳಿಸಲು ಸ್ಲ್ಯಾಶ್ ಎಸ್, ಪ್ರಶ್ನೆ ಕೇಳದಿರಲು ಸ್ಲ್ಯಾಶ್ ಕ್ಯೂ. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿ ಪವರ್‌ಶೆಲ್‌ನಲ್ಲಿ ಈ ಆರ್‌ಡಿ ಇದೇ ರೀತಿ ನಡೆಯುವುದಿಲ್ಲ. ಡಾಲರ್ ಗುರುತಿನಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳ ಹೆಸರನ್ನೂ ಅದು ವೇರಿಯಬಲ್ ಅಂದುಕೊಳ್ಳುತ್ತದೆ. ಸುಮ್ನೆ ತಲೆನೋವು ಯಾಕೆ, ಹಳೇ ಕಪ್ಪು ಕಿಟಕಿಯೇ ವಾಸಿ.

ಆದರೆ ಸ್ಲ್ಯಾಶ್ ಕ್ಯೂ ಹಾಕಿದ ಆರ್‌ಡಿ ಏನನ್ನೂ ಕೇಳುವುದಿಲ್ಲ. "ಡಾಟ್ ಓಲ್ಡ್" ಬಿಟ್ಟು ಬರೀ "ವಿಂಡೋಸ್" ಟೈಪ್ ಮಾಡಿದರೆ ಓಡುತ್ತಿರುವ ವಿಂಡೋಸ್‌ಗೇ ಕೈ ಹಾಕಿದಂತೆ. ಅದಕ್ಕೇ ನಾನು ಅದೇ ಪಾತ್‌ಗೆ (ಫೋಲ್ಡರ್‌ನ ವಿಳಾಸಕ್ಕೆ) ಮೊದಲು ಒಳಗೇನಿದೆ ಅಂತ ಪಟ್ಟಿ ತೋರಿಸುವ ಡಿಐಆರ್ ಕೊಡುತ್ತೇನೆ. ಪಟ್ಟಿ ನೋಡಿ ಖಾತ್ರಿಯಾದ ಮೇಲೆ ಮೇಲಿನ ಬಾಣದ ಕೀ ಒತ್ತಿ ಅದೇ ಸಾಲು ತಂದುಕೊಂಡು, ಡಿಐಆರ್ ಇದ್ದಲ್ಲಿ ಆರ್‌ಡಿ ಬರೆದು ಆ ಎರಡು ಸ್ಲ್ಯಾಶ್ ಸೇರಿಸುತ್ತೇನೆ. ಪಾತನ್ನು ಎರಡನೇ ಸಲ ಟೈಪ್ ಮಾಡುವ ಮಾತೇ ಇಲ್ಲ.

ಒಬ್ಬ ಮಿಲ್ ಗುಮಾಸ್ತರ ಮಷಿನ್‌ನಲ್ಲಿ ಇದೂ ನಡೆಯಲಿಲ್ಲ. ಸಕ್ಸೆಸ್, ಸಕ್ಸೆಸ್ ಅಂತ ಸಾಲುಗಳು ಓಡಿದವು, ಕೊನೆಗೆ ಒಂದು ಪ್ರಿಂಟರ್ ಡ್ರೈವರ್ ಫೋಲ್ಡರ್ ಮೇಲೆ "ಆಕ್ಸೆಸ್ ಈಸ್ ಡಿನೈಡ್". "ಇದೇನ್ರೀ ಇಷ್ಟು ಹಟ?" ಅಂದರು ಅವರು. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ಅಲ್ಲಿ ಒಳಗಿನ ವಿಂಡೋಸ್ ಓಡುತ್ತಿರುವುದಿಲ್ಲ, ಫೈಲ್ ಹಿಡಿದುಕೊಂಡು ಕೂರಲು ಯಾರೂ ಇರುವುದಿಲ್ಲ. ಅಲ್ಲಿ ಸಿ ಡ್ರೈವ್ ಡಿ ಆಗಿ ಕಾಣಬಹುದು, ಹಾಗಾಗಿ ಡಿಐಆರ್ ಇಲ್ಲಿ ಇನ್ನೂ ಮುಖ್ಯ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಗುಮಾಸ್ತರ ಫೋಲ್ಡರ್ ಅಲ್ಲಿ ಒಂದೇ ಏಟಿಗೆ ಹೋಯಿತು.

ಇದರ ಬೆನ್ನಲ್ಲೇ ಹಲವರು ಕೇಳುವುದು ಸಿ ಡ್ರೈವ್‌ನ "ಐನೆಟ್‌ಪಬ್" ಖಾಲಿ ಫೋಲ್ಡರ್ ಬಗ್ಗೆ. ಅದು 2025ರ ಏಪ್ರಿಲ್‌ನ ಸೆಕ್ಯುರಿಟಿ ಅಪ್‌ಡೇಟ್ ತಂದದ್ದು. ಅಳಿಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳಿದೆ. ಜಾಗವನ್ನೂ ತಿನ್ನುವುದಿಲ್ಲ. ಆಗಲೇ ಅಳಿಸಿದ್ದರೆ ವಿಂಡೋಸ್ ಫೀಚರ್ಸ್‌ನಲ್ಲಿ ಇಂಟರ್ನೆಟ್ ಇನ್ಫರ್ಮೇಶನ್ ಸರ್ವೀಸಸ್ ಆನ್ ಮಾಡಿ, ಫೋಲ್ಡರ್ ಸರಿಯಾದ ಪರ್ಮಿಶನ್ ಜೊತೆ ವಾಪಸ್ ಬರುತ್ತದೆ.